ತೇಗದ ಪೆಟ್ಟಿಗೆ ಮತ್ತು ಪರದೆಯಾಚೆಯ ಮಾತು

ಮರಳೂರಿನಲ್ಲಿ ಸ್ಪೀಕರ್ ನಾಸಿರನ ಅಂಗಡಿ ಎಲ್ಲಿ ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಬಸ್ಸಿಳಿದು, ಎದೆಗೆ ಗುದ್ದು ಬೀಳುವ ದಿಕ್ಕಿಗೆ ನಡೆದರೆ ಸಾಕು, ಅಂಗಡಿ ಸಿಗುತ್ತಿತ್ತು. ತೊಂಬತ್ತರ ದಶಕದಲ್ಲಿ ಆಟೋದವರು, ಟೆಂಪೋದವರು, ಆರ್ಕೆಸ್ಟ್ರಾದವರು ಎಲ್ಲರೂ ಬಂದು ಕೇಳುತ್ತಿದ್ದುದು ಒಂದೇ ಮಾತು: "ಗುದ್ದಬೇಕು ನಾಸಿರಣ್ಣ, ಸೀಟು ಅಲ್ಲಾಡ್ಬೇಕು." ಅವನೂ ಗುದ್ದಿಸಿಯೇ ಕೊಡುತ್ತಿದ್ದ. ಹಾಡಿನಲ್ಲಿ ಮಾತು ಏನಿದೆ ಎಂದು ಯಾವ ಗಿರಾಕಿಯೂ ಕೇಳಿದವನಲ್ಲ. ಕೇಳಿದವಳು ಒಬ್ಬಳೇ, ಅವನ ತಾಯಿ ಮಸ್ತಾನ್ ಬೀ.

ತಮಾಷೆ ಏನೆಂದರೆ ಆ ಪೆಟ್ಟಿಗೆಗಳಲ್ಲಿ ಅವಳ ಕೈಕೆಲಸವೂ ಇತ್ತು. ದಪ್ಪ ಸದ್ದನ್ನು ದೊಡ್ಡ ಸ್ಪೀಕರಿಗೆ, ಸಣ್ಣ ಸದ್ದನ್ನು ಚಿಕ್ಕ ಸ್ಪೀಕರಿಗೆ ಹಂಚಿಕೊಡುವ ಒಂದು ಪುಟ್ಟ ಹಲಗೆ ಪ್ರತಿ ಪೆಟ್ಟಿಗೆಯ ಒಳಗೂ ಇರುತ್ತದೆ. ಕ್ರಾಸ್‌ಓವರ್ ಎನ್ನುತ್ತಾರೆ. ಅದಕ್ಕೆ ಬೇಕಾದ ತಾಮ್ರದ ಕಾಯಿಲನ್ನು ಮಸ್ತಾನ್ ಬೀ ಮನೆಯಲ್ಲಿ ಕೂತು ಸುತ್ತುತ್ತಿದ್ದಳು. ಓದು ಬರಹ ಬಾರದವಳು, ಲೆಕ್ಕಕ್ಕೆ ಏನು ಮಾಡಬೇಕು? ಮೂವತ್ತಮೂರು ಮಣಿಯ ತಸ್ಬಿ, ಅಂದರೆ ಜಪಮಾಲೆ, ಹಿಡಿದಳು. ತಂತಿ ಒಂದು ಸುತ್ತು ಬಂದರೆ ಒಂದು ಮಣಿ ಸರಿಯಬೇಕು. ಐದು ತಸ್ಬಿ ಮುಗಿದರೆ ಒಂದು ಕಾಯಿಲ್. "ಇದು ದೇವರ ಇಬಾದತ್ತೋ, ಕೂಲೀನೋ?" ಎಂದು ಮಗ ಛೇಡಿಸಿದರೆ, "ಎರಡೂ ಆಗ್ಲಿ ಬಿಡೋ, ನಿಂಗೇನ್ ನಷ್ಟ?" ಎನ್ನುತ್ತಿದ್ದಳು.

ಅವರ ಮನೆಯೊಳಗೆ ಉರ್ದು, ಹೊಸ್ತಿಲು ದಾಟಿದರೆ ಕನ್ನಡ, ಜಗಳಕ್ಕೆ ಎರಡೂ.

ಈಗ ೧೯೯೪ರ ಮಾತಿಗೆ ಬರೋಣ. ಆ ವರ್ಷ ನಾಸಿರನ ದೊಡ್ಡ ತಂಗಿ ಅರ್ಜೂಗೆ ಮದುವೆಯಾಯಿತು. ಶಾದಿ ಮಹಲಿನಲ್ಲಿ ಮುಂದಿನ ಹಾಲ್ ಗಂಡಸರಿಗೆ, ಹಿಂದಿನ ಹಾಲ್ ಹೆಂಗಸರಿಗೆ, ನಡುವೆ ಗೋಡೆ, ಬಾಗಿಲಿಗೆ ಹಸಿರು ಪರದೆ. ಖಾಜಿ ಸಾಹೇಬರು ನಿಖಾ ಓದುವುದು, ಮದುಮಗ 'ಖಬೂಲ್ ಹೈ' ಅನ್ನುವುದು, ಎಲ್ಲವೂ ಆಚೆ. ಈಚೆಗೆ ಬರುವುದು ಸ್ಪೀಕರಿನಲ್ಲಿ ಮಾತ್ರ. ತಂಗಿಯ ಮದುವೆಗೆ ಬೇರೆಯವರ ಸ್ಪೀಕರೇ ಎಂದು ನಾಸಿರ್ ತನ್ನದೇ ಹೊಸ ಪೆಟ್ಟಿಗೆಗಳನ್ನು ತಂದು ಹೆಂಗಸರ ಕಡೆ ಇಟ್ಟ.

ಇಟ್ಟಿದ್ದೇ ಬಂತು. ಖಾಜಿಯವರ ದನಿ ಮೂಗಿನಲ್ಲಿ ಹೊಕ್ಕು ಹೊಟ್ಟೆಯಲ್ಲಿ ಹೊರಟ ಹಾಗೆ ಗುಂಯ್ ಎನ್ನುತ್ತಿತ್ತು. "ಆಯ್ತಾ? ಖಬೂಲ್ ಆಯ್ತಾ?" ಎಂದು ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಮಸ್ತಾನ್ ಬೀ ದುವಾ ಪ್ರಾರ್ಥನೆಗೆಂದು ಕೈಯೆತ್ತಿ, ಇಳಿಸಿ, ಮತ್ತೆ ಎತ್ತಿ ಕೂತಿದ್ದಳು. ಅಷ್ಟರಲ್ಲಿ ಪರದೆ ಸರಿಸಿ ಯಾರೋ ಖರ್ಜೂರದ ತಟ್ಟೆ ಒಳಕ್ಕೆ ಕೊಟ್ಟರು. ಖರ್ಜೂರ ಹಂಚುವುದು ನಿಖಾ ಮುಗಿದ ಮೇಲೆ. ಮುಗಿದೇ ಹೋಗಿತ್ತು!

ಸಂಜೆ ಅವಳು ಮಗನಿಗೆ ಹೇಳಿದ್ದು ಇಷ್ಟೇ: "ನನ್ನ ಮಗಳ ನಿಖಾ ಆಗಿದ್ದು ನಂಗೆ ಖರ್ಜೂರದಿಂದ ಗೊತ್ತಾಯ್ತು ಕಣೋ." ಬೈದಿದ್ದರೆ ನಾಸಿರನಿಗೆ ಎಷ್ಟೋ ವಾಸಿಯಾಗಿತ್ತು. ಸದ್ದು ಮಾರಿ ಬದುಕುವವನು, ಹೆತ್ತವಳ ಕಿವಿಗೆ ಒಂದು ಮಾತು ಮುಟ್ಟಿಸಲಾಗಲಿಲ್ಲವಲ್ಲ ಎಂದು ಅವನಿಗೆ ನಾಚಿಕೆಯಾಯಿತು. ಚಿಕ್ಕ ತಂಗಿ ನಿಶಾತ್ ಆಗ ಶಾಲೆಗೆ ಹೋಗುತ್ತಿದ್ದಳು. ಅವಳ ನಿಖಾದ ದಿನ ಅಮ್ಮನಿಗೆ ಒಂದೊಂದು ಅಕ್ಷರವೂ ಕೇಳಬೇಕು ಎಂದು ಅವನು ಅವತ್ತೇ ತೀರ್ಮಾನ ಮಾಡಿದ.

ತೀರ್ಮಾನ ಮಾಡಿದವನು ಅವನೊಬ್ಬನೇ ಅಲ್ಲ. ತಂದೆ ದಸ್ತಗೀರ್ ಸಾಬ್ ಬಡಗಿ, ಮಂಚ ಬಾಗಿಲು ಮಾಡಿ ಹೆಸರು ಮಾಡಿದವರು. ಅವರ ಪ್ರಕಾರ ತಪ್ಪೆಲ್ಲ ಪ್ಲೈವುಡ್ಡಿನದು. "ಆ ರಟ್ಟಿನ ಡಬ್ಬದಲ್ಲಿ ಖಾಜಿ ಸಾಹೇಬ್ರ ದನಿ ಹೆಂಗೋ ನಿಲ್ಲತ್ತೆ?" ಎಂದು ಗುಡುಗಿ, ತಮ್ಮ ಅಪ್ಪನ ಮನೆಯ ಹಳೇ ತೇಗದ ಬಾಗಿಲನ್ನು ಬಿಚ್ಚಿ ಎಂಟು ತಿಂಗಳು ಕೂತು ಒಂದು ಜೋಡಿ ಪೆಟ್ಟಿಗೆ ಮಾಡಿದರು. ಹಲ್ಲಿಗೆ ಹಲ್ಲು ಕೂಡಿಸಿದ ಮೂಲೆ, ಸಂದಿಗೆಲ್ಲ ವಜ್ರದ ಅಂಟು, ಒಂದು ಮೊಳೆಯಿಲ್ಲ, ಒಂದು ಸ್ಕ್ರೂ ಇಲ್ಲ. "ಸ್ಕ್ರೂ ಹಾಕೋನು ಕೈ ಬರದೋನು" ಎಂಬುದು ಅವರ ಮಾತು. ನಾಸಿರ್ ಒಳಗೆ ಸ್ಪೀಕರನ್ನೂ ಕ್ರಾಸ್‌ಓವರನ್ನೂ ಕೂರಿಸಿದ ಮೇಲೆ ಹಿಂದಿನ ಹಲಗೆಯನ್ನೂ ಅಂಟಿಸಿ ಶಾಶ್ವತವಾಗಿ ಮುಚ್ಚಿದರು. "ನಿಶಾತ್ ನಿಖಾಗೆ ಇವೇ" ಎಂದು ಹೊದಿಕೆ ಹೊದಿಸಿ ಮನೆಯ ಒಳಕೋಣೆಯಲ್ಲಿಟ್ಟರು. ನೋಡಲು ಕಣ್ಣು ಸಾಲದು. ಹಚ್ಚಿದರೆ ಅದೇ ಗುಂಯ್. ದಸ್ತಗೀರ್ ಸಾಬ್ ಮಾತ್ರ ಒಪ್ಪಲಿಲ್ಲ. "ಮರ ಹೊಸಾದು, ಪಳಗಬೇಕು" ಎಂದರು. ನೂರು ವರ್ಷದ ಬಾಗಿಲು ಇನ್ನೆಷ್ಟು ಪಳಗಬೇಕೋ!

ಅಪ್ಪ ಪೆಟ್ಟಿಗೆ ಮಾಡುತ್ತಿದ್ದ ಆ ಎಂಟು ತಿಂಗಳಲ್ಲೇ ನಾಸಿರ್ ತನಗೆ ತಿಳಿದದ್ದನ್ನೆಲ್ಲ ಮಾಡಿ ನೋಡಿದ್ದ. ಪುಸ್ತಕದ ಲೆಕ್ಕದ ಪ್ರಕಾರ ಕಾಯಿಲಿಗೆ ಐದು ತಸ್ಬಿ ಸುತ್ತು. ದನಿ ಮೂಗಿನಲ್ಲಿ ಬರುತ್ತದಲ್ಲ ಎಂದು ಕಿವಿಯ ಅಂದಾಜಿನಲ್ಲಿ ಆರಕ್ಕೇರಿಸಿದ. ಕೂಗಾಟ ಒಂದಿಷ್ಟು ತಗ್ಗಿತು, ಮಾತು ತಿಳಿಯಾಗಲಿಲ್ಲ. ಗಿರಾಕಿಗಳಿಗೆ ಅದೂ ಹಿಡಿಸಿತು. ಅಂದಿನಿಂದ ಆರು ತಸ್ಬಿಯೇ ಅಂಗಡಿಯ ಪದ್ಧತಿಯಾಯಿತು. ತೇಗದ ಪೆಟ್ಟಿಗೆಯ ಒಳಗೆ ಹೋದದ್ದೂ ಆರು ತಸ್ಬಿಯ ಕಾಯಿಲೇ.

ವರ್ಷಗಳು ಉರುಳಿದವು. ೨೦೦೨ರಲ್ಲಿ ನಿಶಾತ್‌ಗೆ ಕುಣಿಗಲ್ ಕಡೆಯ ಸಯೀದ್ ಎಂಬ ಹುಡುಗನೊಂದಿಗೆ ಸಂಬಂಧ ಕೂಡಿ ಬಂತು. ಸಯೀದ್ ಮೇಷ್ಟರ ಕೆಲಸದಲ್ಲಿದ್ದ, ಬಲು ಮೆತ್ತಗಿನ ಮನುಷ್ಯ. ಎಂಟು ವರ್ಷವಾಯಿತು, ಪೆಟ್ಟಿಗೆ ಇನ್ನೂ ಗುಂಯ್ ಎನ್ನುತ್ತಿದೆ.

ಆ ದಿನಗಳಲ್ಲೇ ಅಂಗಡಿಗೆ ಪುಟ್ಟರಂಗಯ್ಯ ಬಂದರು. ಗುಬ್ಬಿ ಕಡೆ ನಿಟ್ಟೂರಿನವರು, ಟೆಲಿಫೋನ್ ಇಲಾಖೆಯಲ್ಲಿ ಮೂವತ್ತು ವರ್ಷ ಲೈನು ನೋಡಿ ನಿವೃತ್ತರಾಗಿ ತೆಂಗಿನ ತೋಟ ನೋಡಿಕೊಂಡಿದ್ದವರು. ಹರಿದ ರೇಡಿಯೋ ಸ್ಪೀಕರೊಂದನ್ನು ಕೈಚೀಲದಿಂದ ತೆಗೆಯುತ್ತಾ, ಅಂಗಡಿಯಲ್ಲಿ ಹಾಡುತ್ತಿದ್ದ ಪೆಟ್ಟಿಗೆಯತ್ತ ಮುಖ ಸಿಂಡರಿಸಿದರು.

"ಏನ್ಲಾ ಅದು, ನೆಗಡಿ ಆಗೈತಾ ಅದ್ಕೆ?"

ಬೇರೆ ಯಾರಾದರೂ ಅಂದಿದ್ದರೆ ನಾಸಿರ್ ಮುಖ ಊದಿಸಿಕೊಳ್ಳುತ್ತಿದ್ದ. ಆವತ್ತು ಕುರ್ಚಿ ಹಾಕಿ, ಚಹಾ ತರಿಸಿ, ಅರ್ಜೂ ನಿಖಾದಿಂದ ಶುರುಮಾಡಿ ಎಲ್ಲವನ್ನೂ ಹೇಳಿಕೊಂಡ. ಮುದುಕರು ಪೂರ್ತಿ ಕೇಳಿ, "ಬಾನುವಾರ ಆ ಸ್ಪೀಕರ್ ಎತ್ಕೊಂಡು ನಮ್ಮನೆ ತಾವ್ ಬಾ" ಎಂದರು.

ಭಾನುವಾರ ನಾಸಿರ್ ತೇಗದ ಪೆಟ್ಟಿಗೆಯಲ್ಲಿದ್ದಂಥದ್ದೇ ಒಂದು ಬಿಡಿ ಸ್ಪೀಕರನ್ನು ಮೊಪೆಡ್ಡಿಗೆ ಕಟ್ಟಿಕೊಂಡು ನಿಟ್ಟೂರಿಗೆ ಹೋದ. ಪುಟ್ಟರಂಗಯ್ಯ ಜಗುಲಿಯ ಮೇಲೆ ಬೇಕಾದ ಸ್ವರ ಹೊರಡಿಸುವ ಹಳೇ ಟೋನ್ ಪೆಟ್ಟಿಗೆ, ತಡೆ ಅಳೆಯುವ ಒಂದು ಮೀಟರು ಹರಡಿಕೊಂಡು ಕೂತಿದ್ದರು. ಅವರ ಹೆಂಡತಿ ದೊಡ್ಡಗಂಗಮ್ಮ ಎಳನೀರು ಕೊಟ್ಟು, "ಇವ್ರ ಕೈಗೆ ಸಿಕ್ಕಾಕೊಂಡ್ಯಾ, ಊಟ ಇಲ್ಲೇ ಮಾಡ್ಕೊಂಡು ಹೋಗು, ಬೇಗ ಬಿಡಾಕಿಲ್ಲ" ಎಂದು ಎಚ್ಚರಿಸಿ ಒಳಗೆ ಹೋದರು.

"ಸ್ಪೀಕರ್ ಮೇಲೆ ಏನಂತ ಬರದವ್ರೆ?"

"ಎಂಟು ಓಮ್ ಸಾರ್."

"ನೀನು ಕ್ರಾಸ್‌ಓವರ್ ಲೆಕ್ಕ ಹಾಕಿದ್ದು ಎಷ್ಟಕ್ಕೆ?"

"ಎಂಟಕ್ಕೇ."

"ಈಗ ನೋಡು." ಅವರು ಗುಂಡಿ ತಿರುಗಿಸಿದರು. ದಪ್ಪ ಸ್ವರದಲ್ಲಿ ಮೀಟರಿನ ಲೆಕ್ಕ ಏಳು ಎಂಟರ ಹತ್ತಿರವೇ ಇತ್ತು. ಸ್ವರ ಸಣ್ಣಗಾದಂತೆ ಹತ್ತಾಯಿತು, ಹದಿನಾಲ್ಕಾಯಿತು. ಇನ್ನೂ ಸಣ್ಣಗಾದಾಗ ಇಪ್ಪತ್ತಾರು! ನಾಸಿರ್ ಬಾಯಿ ಬಿಟ್ಟುಕೊಂಡು ನೋಡಿದ.

"ಸ್ಪೀಕರ್ ಒಳಗಿರೋದೂ ತಂತಿ ಕಾಯಿಲೇ ಅಲ್ವೇನಪ್ಪ," ಎಂದರು ಪುಟ್ಟರಂಗಯ್ಯ. "ಸ್ವರ ಏರಿದಂಗೆ ತಡೆನೂ ಏರ್ತದೆ. ನಿನ್ ಕ್ರಾಸ್‌ಓವರ್ ಪಾಪ ಎಂಟು ಕೆಜಿ ಮೂಟೆ ಅಂತ ನಂಬ್ಕೊಂಡು ಹೊತ್ತೈತೆ. ಅರ್ಧ ದಾರೀಲಿ ಇಪ್ಪತ್ತಾರು ಕೆಜಿ ಆದ್ರೆ ಅದು ಮುಗ್ಗರಿಸದೆ ಇನ್ನೇನ್ ಮಾಡ್ತದೆ? ದೊಡ್ಡ ಸ್ಪೀಕರ್ ಎಲ್ಲಿ ಸುಮ್ಕಾಗಬೇಕೋ ಅಲ್ಲೇ ಕೂಗ್ತದೆ. ಮಾತು ಕೆಡೋದು ಅಲ್ಲೇಯ."

"ಅದಕ್ಕೆ ಮದ್ದು?"

ಒಂದು ಎಂಟು ಓಮಿನ ರೆಸಿಸ್ಟರ್, ಒಂದು ಹನ್ನೆರಡು ಮೈಕ್ರೋಫ್ಯಾರಡ್ ಕಂಡೆನ್ಸರ್, ಎರಡನ್ನೂ ಒಂದರ ಹಿಂದೆ ಒಂದು ಬೆಸೆದು ಸ್ಪೀಕರಿಗೆ ಅಡ್ಡಲಾಗಿ ಹಾಕಿದರು. ಸ್ವರ ಏರಿದಂತೆ ಸ್ಪೀಕರ್ ಎಷ್ಟು ಬಿಗಿಯುತ್ತದೋ ಈ ಜೋಡಿ ಅಷ್ಟು ಸಡಿಲವಾಗುತ್ತದೆ. ಎರಡೂ ಸೇರಿದರೆ ಹೊರಗಿನವರಿಗೆ ಎಲ್ಲಾ ಕಡೆಯೂ ಎಂಟೇ. ಮತ್ತೆ ಗುಂಡಿ ತಿರುಗಿಸಿದರು. ಎಂಟರ ಆಸುಪಾಸು ಬಿಟ್ಟು ಲೆಕ್ಕ ಹೆಚ್ಚು ಅಲುಗಲಿಲ್ಲ. ನಾಸಿರನಿಗೆ ಖುಷಿ ತಡೆಯಲಾಗದೆ ಮುದುಕರ ಕೈ ಹಿಡಿದುಕೊಂಡ. ಎರಡು ರೂಪಾಯಿ ನೋಟಿನಷ್ಟು ಅಗಲದ ಕಾಗದದಲ್ಲಿ ಅವರು ಚಿತ್ರ ಬರೆದುಕೊಟ್ಟರು.

ಚಿತ್ರವೇನೋ ಸರಿಯಾಗಿತ್ತು. ಆದರೆ ಮನೆಗೆ ಬಂದು ತೇಗದ ಪೆಟ್ಟಿಗೆಯ ಮುಂದೆ ನಿಂತಾಗ ನಾಸಿರನ ಉತ್ಸಾಹ ಅರ್ಧ ಇಳಿಯಿತು. ಸ್ಪೀಕರ್ ಇರುವುದು ಒಳಗೆ. ಒಳಗೆ ಹೋಗಲು ದಾರಿಯಿಲ್ಲ, ಅಪ್ಪ ದಾರಿ ಇಟ್ಟೇ ಇಲ್ಲ. ಗರಗಸ ಹಾಕಬೇಕು. ಅಪ್ಪನ ಪೆಟ್ಟಿಗೆಗೆ ಗರಗಸ ಹಾಕುತ್ತೇನೆ ಎಂದು ಹೇಳುವ ಗಂಡು ಆ ಮನೆಯಲ್ಲಿ ಹುಟ್ಟಿರಲಿಲ್ಲ. ಹೇಗೂ ತಂತಿ ತಂತಿಗೇ ತಾನೇ ಸೇರುವುದು ಎಂದು ಸಮಾಧಾನ ಮಾಡಿಕೊಂಡು, ರೆಸಿಸ್ಟರ್ ಕಂಡೆನ್ಸರುಗಳನ್ನು ಪೆಟ್ಟಿಗೆಯ ಹೊರಗೆ, ಆಂಪ್ಲಿಫೈಯರಿನ ವೈರು ಸೇರುವ ಜಾಗದಲ್ಲೇ ಬೆಸೆದುಬಿಟ್ಟ. ಹಚ್ಚಿ ನೋಡುವುದಕ್ಕೂ ಬಿಡುವಿರಲಿಲ್ಲ, ಮಾರನೇ ದಿನವೇ ಕುಣಿಗಲ್ಲಿನಲ್ಲಿ ಮಂಗ್ನಿ, ನಿಶ್ಚಿತಾರ್ಥ. ಪೆಟ್ಟಿಗೆಗಳನ್ನು ಟೆಂಪೋಗೆ ಏರಿಸಿದ.

ಕುಣಿಗಲ್ಲಿನಲ್ಲಿ ಹಿರಿಯರೊಬ್ಬರು ದುವಾ ಮಾಡಿದರು. ನಾಸಿರ್ ಪರದೆಯ ಪಕ್ಕ ಕಿವಿಗೊಟ್ಟು ನಿಂತ. ಹಿಂತಿರುಗುವಾಗ ಟೆಂಪೋದಲ್ಲಿ ಕೇಳಿದ, "ಹೆಂಗಿತ್ತಮ್ಮಾ?"

"ಪೆಟ್ಟಿಗೆ ಚೆನ್ನಾಗಿದೆ," ಎಂದಳು ಮಸ್ತಾನ್ ಬೀ, ಗಂಡನ ಕಡೆ ಒಮ್ಮೆ ನೋಡಿ. ಆಮೇಲೆ ಮಗನ ಕಿವಿಯ ಹತ್ತಿರ, "ಅದೇ ಗುಂಯ್ ಕಣೋ" ಎಂದಳು.

ನಿಖಾಕ್ಕೆ ಹದಿನೇಳು ದಿನ ಉಳಿದಿತ್ತು. ನಾಸಿರನಿಗೆ ಅಳುವೇ ಬಂದಂತಾಯಿತು. ಫೋನ್ ಮಾಡಿದರೆ ಪುಟ್ಟರಂಗಯ್ಯ ತಾವೇ ಮರಳೂರಿಗೆ ಬಂದರು. ಬೆಸುಗೆ ಎಲ್ಲಿದೆ ಎಂದು ನೋಡಿದ್ದೇ ತಡ, ಹಣೆ ಚಚ್ಚಿಕೊಂಡರು.

"ಅಯ್ಯೋ ಮಾರಾಯ, ಕಾಯಿಲೆ ಬಿದ್ದೋನು ಒಳಗವ್ನೆ, ನೀನು ಬಾಗ್ಲಿಗೆ ಮದ್ದು ಸವರಿದ್ಯಲ್ಲೋ! ಕ್ರಾಸ್‌ಓವರ್ ದಾಟಿದ ಮೇಲೆ, ಸ್ಪೀಕರಿಗೆ ವೈರು ಸೇರೋ ಕಡ್ಡಿ ಮೇಲೆ ಬರಬೇಕು ಇದು. ಕ್ರಾಸ್‌ಓವರ್ ಕಣ್ಣಿಗೆ ಸ್ಪೀಕರ್ ಎಂಟು ಅಂತ ಕಾಣಬೇಕು. ಆಂಪ್ಲಿಫೈಯರ್ ಕಣ್ಣಿಗೆ ಕಂಡು ಏನ್ ಉಪಯೋಗ?"

"ಒಳಗೆ ಹೋಗಕ್ಕಾಗಲ್ಲ ಸಾರ್. ಅಬ್ಬಾ ಮುಚ್ಬಿಟ್ಟವ್ರೆ."

ಇಬ್ಬರೂ ಅಂಗಡಿಯ ಒಂದು ಪ್ಲೈವುಡ್ ಪೆಟ್ಟಿಗೆಯ ಸ್ಕ್ರೂ ಬಿಚ್ಚಿ ಸರಿಯಾದ ಜಾಗದಲ್ಲಿ ಬೆಸೆದರು. ಹಚ್ಚಿದರೆ ಮೂಗು ಹೋಯಿತು, ಆದರೆ ದನಿ ಕಂಬಳಿ ಹೊದ್ದು ಮಾತಾಡಿದಂತೆ ಮಂಕಾಯಿತು. ನಾಸಿರ್ ತಲೆ ಮೇಲೆ ಕೈ ಹೊತ್ತು ಕೂತ. ಪುಟ್ಟರಂಗಯ್ಯ ಕಾಯಿಲನ್ನು ಕೈಯಲ್ಲಿ ತೂಗಿ ನೋಡಿ, "ಎಷ್ಟು ಸುತ್ತು?" ಎಂದರು.

"ಆರು ತಸ್ಬಿ. ಪುಸ್ತಕದಲ್ಲಿ ಐದೇ. ಮೂಗು ಅಡಗ್ಲಿ ಅಂತ ನಾನೇ ಒಂದು ಜಾಸ್ತಿ ಮಾಡ್ದೆ."

"ಕಾಲು ಮುರಿದಿದ್ದಾಗ ಕೋಲು ಕೊಟ್ಟೆ, ತಪ್ಪಿಲ್ಲ. ಈಗ ಕಾಲು ಕೂಡ್ಕೊಂತು. ಕೋಲು ಕಿತ್ಕೋ. ತಡೆ ಸರಿ ಮಾಡೋದು, ಸದ್ದು ಹಂಚೋದು, ಎರಡೂ ಒಂದೇ ಲೆಕ್ಕ ಕಣೋ. ಬೇರೆ ಬೇರೆ ಅಂದ್ಕಂಡೆ, ಅದಕ್ಕೇ ಎಡವಿದ್ದು."

ಮಸ್ತಾನ್ ಬೀ ಕೂತು, ತಸ್ಬಿ ಹಿಡಿದು, ಮೂವತ್ತಮೂರು ಮಣಿ ಹಿಂದಕ್ಕೆ ಸರಿಸುತ್ತಾ ತಂತಿ ಬಿಚ್ಚಿದಳು. ಮತ್ತೆ ಹಚ್ಚಿದರೆ, ಆಹಾ! ವಾರ್ತೆ ಓದುವವರ ಸ, ಶ, ತ, ಕ ಎಲ್ಲವೂ ಬಿಡಿಬಿಡಿಯಾಗಿ ಅಂಗಡಿಯೊಳಗೆ ಬಂದು ಕೂತವು.

ಕೆಲಸ ಗೆದ್ದಿತು, ನಿಜ. ಆದರೆ ಗೆದ್ದದ್ದು ಪ್ಲೈವುಡ್ ಪೆಟ್ಟಿಗೆಯಲ್ಲಿ. ಅದನ್ನು ನಿಶಾತ್ ನಿಖಾಕ್ಕೆ ಒಯ್ದರೆ ಅಪ್ಪನ ಎದೆ ಒಡೆಯುತ್ತದೆ, ತೇಗದ್ದನ್ನು ಒಯ್ದರೆ ಅಮ್ಮ ಮತ್ತೆ ಖರ್ಜೂರ ಕಾಯಬೇಕು. ನಾಸಿರ್ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೇ ದಿನ ಬೆಳಿಗ್ಗೆ ಧೈರ್ಯ ಮಾಡಿ ದಸ್ತಗೀರ್ ಸಾಬರಿಗೆ ಹೇಳಿದ, "ಅಬ್ಬಾ, ನಿಮ್ಮ ತೇಗದ್ದು, ನನ್ನ ಪ್ಲೈವುಡ್ಡಿಂದು, ಎರಡೂ ಪೆಟ್ಟಿಗೇನ ಹಿಂದಿನ ರೂಮಲ್ಲಿ ಅಮ್ಮನ ಮುಂದೆ ಇಟ್ಟಿದೀನಿ. ನೀವು ಇಲ್ಲಿ ಅಂಗಡೀಲಿ ಮೈಕ್ ಹಿಡಿದು ಮೆಲ್ಲಗೆ ಏನಾದ್ರೂ ಹೇಳಿ. ಅಮ್ಮ ಏನಂತಾಳೋ ನೋಡೋಣ."

"ಪರೀಕ್ಷೇನಾ ನಂಗೆ?" ಎಂದು ಗುರ್ರೆಂದರೂ ದಸ್ತಗೀರ್ ಸಾಬ್ ಮೈಕ್ ಹಿಡಿದರು. ಮೊದಲು ತೇಗದ್ದು. ಏನು ಹೇಳುವುದೆಂದು ತೋಚದೆ, ಗಡ್ಡ ನೀವಿ, ಮೆಲ್ಲಗೆ, "ಮೂವತ್ತೈದು ವರ್ಷದಿಂದ ನಿನ್ನ ದಾಲ್ಚಾಗೆ ಉಪ್ಪು ಜಾಸ್ತಿ ಕಣೇ" ಎಂದರು.

ಹಿಂದಿನ ರೂಮಿನಿಂದ ಮಸ್ತಾನ್ ಬೀ ಗಟ್ಟಿಯಾಗಿ, ಭಕ್ತಿಯಿಂದ ಕೂಗಿದಳು: "ಆಮೀನ್! ಆಮೀನ್!"

ನಾಸಿರ್ ನಗು ತಡೆಯಲಾರದೆ ಮುಖ ಆ ಕಡೆ ತಿರುಗಿಸಿದ. ವೈರು ಬದಲಾಯಿಸಿದ. ದಸ್ತಗೀರ್ ಸಾಬ್ ಅದೇ ಮಾತನ್ನು ಅದೇ ದನಿಯಲ್ಲಿ ಮತ್ತೆ ಹೇಳಿದರು. ಈಗ ರೂಮಿನ ಬಾಗಿಲು ಧಡಾರೆಂದು ತೆರೆಯಿತು.

"ಉಪ್ಪು ಜಾಸ್ತೀನಾ? ಮೂವತ್ತೈದು ವರ್ಷ ಬೆರಳು ನೆಕ್ಕಿ ತಿಂದು ಇವತ್ತು ಮೈಕಲ್ಲಿ ಹೇಳ್ತೀರಾ? ನಾಳೆಯಿಂದ ನೀವೇ ಮಾಡ್ಕೊಳ್ಳಿ!"

ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ನಿಂತ ಮೇಲೆ ದಸ್ತಗೀರ್ ಸಾಬ್ ಕೇಳಿದರು, "ಅಲ್ಲ, ಮೊದಲ್ನೇ ಸಲ ಆಮೀನ್ ಅಂದ್ಯಲ್ಲ, ಯಾಕೆ?"

"ಏನೋ ದುವಾ ಇರ್ಬೇಕು ಅಂದ್ಕೊಂಡೆ," ಎಂದಳು ಅವಳು ಸಹಜವಾಗಿ. "ನಾವು ಹೆಂಗಸ್ರು ಹಿಂಗೇ ಅಲ್ವಾ. ಆ ಕಡೆ ಏನ್ ಹೇಳ್ತಾರೋ ಗೊತ್ತಾಗಲ್ಲ. ಸದ್ದು ನಿಂತ ಕಡೆ ಆಮೀನ್ ಅಂತೀವಿ."

ದಸ್ತಗೀರ್ ಸಾಬ್ ಹೆಂಡತಿಯ ಮುಖ ನೋಡಿದರು. ಆಮೇಲೆ ಎದ್ದು ಹೋಗಿ ತಮ್ಮ ಸಣ್ಣ ಹಲ್ಲಿನ ಗರಗಸ ತಂದು, ತೇಗದ ಪೆಟ್ಟಿಗೆಯನ್ನು ಅಂಗಳದಲ್ಲಿ ಮುಖ ಕೆಳಗೆ ಮಾಡಿ ಮಲಗಿಸಿದರು.

"ಅಬ್ಬಾ, ನಾನು ಮಾಡ್ತೀನಿ..." ಎಂದು ನಾಸಿರ್ ಮುಂದೆ ಬಂದ.

"ನಿನ್ ಕೈಗೆ ಕೊಟ್ರೆ ಕಚ್ಚು ಬೀಳತ್ತೆ. ಸರಿ ಆ ಕಡೆ."

ಎಂಟು ತಿಂಗಳು ಕೂಡಿಸಿದ್ದನ್ನು ಬೆಳಗಿನಿಂದ ಇಳಿಹೊತ್ತಿನ ಅಸರ್ ನಮಾಜಿನವರೆಗೆ ತಾವೇ ಕೊಯ್ದರು. ಕಣ್ಣು ಎರಡು ಸಲ ಒದ್ದೆಯಾಯಿತು. ಮರದ ಪುಡಿ ಎಂದು ಬೈದುಕೊಂಡರು. ನಾಸಿರ್ ಸ್ಪೀಕರಿನ ಕಡ್ಡಿಗಳ ಮೇಲೆ ಬೆಸುಗೆ ಹಾಕಿದ. ಮಸ್ತಾನ್ ಬೀ ಒಳಗಿನ ಕಾಯಿಲ್‌ಗಳಿಂದ ಒಂದೊಂದು ತಸ್ಬಿ ಬಿಚ್ಚಿದಳು. ಹಿಂದಿನ ಹಲಗೆಗಳನ್ನು ಮತ್ತೆ ಕೂರಿಸುವಾಗ ದಸ್ತಗೀರ್ ಸಾಬ್ ವಜ್ರದ ಡಬ್ಬ ಮುಟ್ಟಲಿಲ್ಲ. ಪೇಟೆಯಿಂದ ಹಿತ್ತಾಳೆಯ ಸ್ಕ್ರೂ ತರಿಸಿ, ಪೆಟ್ಟಿಗೆಗೆ ಹದಿನಾರರಂತೆ, ತಲೆಯ ಗೀರುಗಳೆಲ್ಲ ಒಂದೇ ನೇರಕ್ಕೆ ಬರುವ ಹಾಗೆ ತಿರುಗಿಸಿದರು. "ನಾಳೆ ಇನ್ನೇನಾದ್ರೂ ಕಲಿತ್ರೆ ಬಿಚ್ಬೋದು" ಎಂದರು.

ನಿಖಾದ ದಿನ ತೇಗದ ಜೋಡಿ ಹೆಂಗಸರ ಹಾಲಿನಲ್ಲಿ ಕೂತಿತು. ಗಂಡಸರ ಕಡೆ ಮಹಲಿನವರದೇ ಹಳೇ ಸ್ಪೀಕರ್. ನಾಸಿರ್ ಆಂಪ್ಲಿಫೈಯರ್ ಇಟ್ಟುಕೊಂಡು ಗಂಡಸರ ಹಾಲಿನಲ್ಲಿ ಪರದೆಯ ಪಕ್ಕ ಕೂತಿದ್ದ. ಹೆಂಗಸರ ಕಡೆ ಏನಾಗುತ್ತಿದೆಯೋ ನೋಡುವಂತಿಲ್ಲ. ಖಾಜಿಯವರು ನಿಖಾದ ಪ್ರವಚನ ಖುತ್ಬಾ ಮುಗಿಸಿ ಮದುಮಗನನ್ನು ಕೇಳಿದರು. ಸಯೀದ್ ಮೊದಲೇ ಮೆತ್ತಗಿನ ಮನುಷ್ಯ, ನಾಚಿಕೆಯಲ್ಲಿ ದನಿ ಇನ್ನೂ ಇಳಿದುಹೋಯಿತು. ತುಟಿ ಅಲುಗಿದ್ದು ಕಂಡಿತೇ ಹೊರತು ಮೂರನೇ ಸಾಲಿನ ಗಂಡಸರಿಗೆ ಏನೂ ಕೇಳಲಿಲ್ಲ.

"ಏನಂದ? ಖಬೂಲ್ ಅಂದ್ನಾ?" ಎಂದು ಅವರು ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಿರುವಾಗಲೇ ಪರದೆಯ ಹಿಂದಿನಿಂದ ನೂರು ಹೆಂಗಸರ ದನಿ ಎದ್ದಿತು: "ಮಾಶಾಅಲ್ಲಾ!"

ಗಂಡಸರು ತಿರುಗಿ ಪರದೆಯ ಕಡೆ ನೋಡಿದರು. ಖಾಜಿಯವರೇ ಮುಗುಳ್ನಕ್ಕು ದುವಾ ಶುರುಮಾಡಿದರು. ಒಂದೊಂದು ಸಾಲು ಮುಗಿಯುತ್ತಿದ್ದಂತೆ, ಒಂದು ಕ್ಷಣ ಹಿಂದಲ್ಲ, ಒಂದು ಕ್ಷಣ ಮುಂದಲ್ಲ, ಆಚೆಯಿಂದ "ಆಮೀನ್" ಬಂದು ಕೂಡಿಕೊಳ್ಳುತ್ತಿತ್ತು. ಎಲ್ಲಕ್ಕಿಂತ ಮೇಲೆ ಮಸ್ತಾನ್ ಬೀಯ ದನಿ. ನಾಸಿರ್ ಗುಂಡಿಗಳ ಮೇಲೆ ಕೈ ಇಟ್ಟುಕೊಂಡೇ ಅತ್ತುಬಿಟ್ಟ. ಮುಂದಿನ ಸಾಲಿನಲ್ಲಿ ಪುಟ್ಟರಂಗಯ್ಯನವರ ಪಕ್ಕ ಕೂತಿದ್ದ ದಸ್ತಗೀರ್ ಸಾಬ್ ಮಗನ ಕಡೆ ತಿರುಗಿ ತಲೆದೂಗಿದರು.

ಖರ್ಜೂರದ ತಟ್ಟೆಯನ್ನು ನಾಸಿರನೇ ಎತ್ತಿಕೊಂಡು ಪರದೆ ಸರಿಸಿ ಕೈ ಚಾಚಿದ. ತಟ್ಟೆ ತೆಗೆದುಕೊಂಡ ಕೈ ಅವನ ತಾಯಿಯದು. ಒಂದು ಖರ್ಜೂರ ಎತ್ತಿ ಅವಳು ಮಗನ ಬಾಯಿಗೇ ಇಟ್ಟಳು.

"ಸುದ್ದಿ ಆಗ್ಲೇ ಬಂತು ಕಣೋ," ಎಂದಳು. "ಇದು ಬಾಯಿ ಸಿಹಿ ಮಾಡ್ಕೊಳ್ಳೋಕೆ."